ಒಂಬತ್ತನೆಯ ಸೀಮೆಯ ಸರದಿ

ಚಕ್ರವರ್ತಿಗಳ ಸಭೆಯಲ್ಲಿ ಬೆಳಿಗ್ಗೆ ಮೊದಲ ಕೆಲಸ ಹಾಜರಿ. ಅದಕ್ಕೆಂದೇ ಇದ್ದ ಹಿರಿಯರೊಬ್ಬರು, ಎಲ್ಲರ ಬಾಯಲ್ಲೂ 'ಕೂಗುವವರು', ಮೆಟ್ಟಿಲ ಮೇಲೆ ನಿಂತು ಸಾಮ್ರಾಜ್ಯದ ಹದಿನೆಂಟು ಸೀಮೆಗಳನ್ನೂ ಒಂದೊಂದಾಗಿ ಕೂಗಬೇಕು. ಆಯಾ ಸೀಮೆಯ ಬಣ್ಣದ ಟೊಪ್ಪಿ ಹಾಕಿದ ಪ್ರತಿನಿಧಿ ಎದ್ದು "ಕ್ಷೇಮ" ಅನ್ನಬೇಕು. ಮೂರು ಸಲ ಕೂಗಿದರೂ ಯಾರೂ ಓಗೊಡದಿದ್ದರೆ ಆ ಸೀಮೆ ಆಪತ್ತಿನಲ್ಲಿದೆ ಎಂದರ್ಥ, ಆ ದಿನವೇ ಸೈನ್ಯ ಹೊರಡಬೇಕು. ಮುತ್ತಾತನ ಕಾಲದ ಕಟ್ಟಳೆ ಇದು, ಮೀರುವ ಗಂಡು ಇನ್ನೂ ಹುಟ್ಟಿರಲಿಲ್ಲ.

ಆದರೆ ಪ್ರತಿನಿಧಿಗಳೇ ಉಳಿದಿರಲಿಲ್ಲ. ಒಂದು ಸೀಮೆಯವರು ರಜೆಗೆಂದು ಊರಿಗೆ ಹೋದವರು ಹೋದವರೇ. ಇನ್ನೊಂದು ಸೀಮೆ ತನಗೆ ಬೇಕಾದ ದೊರೆಯನ್ನು ತಾನೇ ಮಾಡಿಕೊಂಡಿತು. ಮತ್ತೊಂದರ ಸುದ್ದಿಯೇ ಇಲ್ಲ. ಹಾಗಂತ ಪೀಠ ಖಾಲಿ ಬಿಡೋಕಾಗುತ್ತಾ? ಸಭೆಯ ಮೇಲ್ವಿಚಾರಕ ಕೈಗೆ ಸಿಕ್ಕವರ ತಲೆಗೆಲ್ಲ ಟೊಪ್ಪಿ ಹಾಕುತ್ತ ಬಂದ. ತೋಟದವನು ಎರಡನೆಯ ಸೀಮೆ, ಬಟ್ಟೆ ಒಗೆಯುವವನು ಐದು, ಮುದುಕ ಅಡುಗೆಯವನು ಒಂಬತ್ತು. ಅಡುಗೆಯವನಂತೂ ಒಲೆ ಮೇಲೆ ಪಾತ್ರೆ ಇಟ್ಟು ಏದುಸಿರು ಬಿಡುತ್ತ ಬಂದು, "ಕ್ಷೇಮ" ಅಂದು, ಬಂದ ಹಾಗೇ ಓಡುತ್ತಿದ್ದ. ಚಕ್ರವರ್ತಿಗಳಿಗೆ ಕಣ್ಣು ಮಂಜು, ಟೊಪ್ಪಿಯ ಬಣ್ಣ ಕಂಡರೆ ಸಾಕಿತ್ತು.

ಕೂಗುವವರಿಗೂ ಮೊದಮೊದಲು ನಗು ಬರುತ್ತಿತ್ತು. ಆದರೆ ಅವರು ತಮ್ಮ ಒಬ್ಬಳೇ ಮಗಳನ್ನು ಕೊಟ್ಟಿದ್ದು ಒಂಬತ್ತನೆಯ ಸೀಮೆಗೆ. ಎರಡು ವರ್ಷದಿಂದ ಒಂದು ಓಲೆಯಿಲ್ಲ. ಮೊನ್ನೆ ಆ ಕಡೆಯಿಂದ ಬಂದ ಉಪ್ಪಿನ ವ್ಯಾಪಾರಿ, ಅಲ್ಲಿನ ಕೋಟೆಯನ್ನು ಶತ್ರುಗಳು ಸುತ್ತುಗಟ್ಟಿದ್ದಾರೆ, ಒಳಗಿನವರು ಸೈನ್ಯದ ದಾರಿ ಕಾಯುತ್ತಿದ್ದಾರೆ ಎಂದು ಹೇಳಿಹೋದ.

"ಅಲ್ಲಾ ರೀ, ಸೈನ್ಯ ಯಾಕೆ ಹೋಗಿಲ್ಲ?" ಹೆಂಡತಿ ಕೇಳಿದಳು.

"ಸಭೆಯಲ್ಲಿ ದಿನಾ ಕ್ಷೇಮ ಅಂತಿದ್ದಾರಲ್ಲೇ."

"ಯಾರು ಅಂತಿರೋದು?"

"ಅಡುಗೆಯವನು."

ಆಕೆ ಹಣೆ ಚಚ್ಚಿಕೊಂಡಳು. "ನೀವು ಕೂಗೋದು, ಅವನು ಓಗೊಡೋದು, ನನ್ನ ಮಗಳು ಅಲ್ಲಿ ಸಾಯೋದು. ಚೆನ್ನಾಗಿದೆ ಕಣ್ರೀ ನಿಮ್ಮ ದರ್ಬಾರು!"

ಮಾತು ನೆಟ್ಟಗೆ ಎದೆಗೆ ನಾಟಿತು. ಕೂಗುವವರು ಎದ್ದು ಸೀದಾ ಅರಮನೆಯ ಅಡುಗೆಮನೆಗೆ ಹೋದರು.

"ನಾಳೆ ನಾನು ಕೂಗಿದಾಗ ತುಟಿ ಪಿಟಕ್ಕೆನ್ನಬೇಡ ಮಾರಾಯ."

"ಅಯ್ಯೋ ಸ್ವಾಮಿ, ನನ್ನ ತಲೆ ಹೋಗುತ್ತೆ!"

"ಗಂಟಲು ಕಟ್ಟಿತ್ತು ಅನ್ನು. ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಮಗಳು ಕಣಯ್ಯಾ ಅಲ್ಲಿರೋದು."

ಅಡುಗೆಯವನು ಸೌಟು ಕೆಳಗಿಟ್ಟ. ಆಮೇಲೆ ಹೂಂ ಅಂದ.

ಮರುದಿನ ಮೊದಲ ಎಂಟು ಸೀಮೆಗಳೂ ಕ್ಷೇಮ ಅಂದವು. "ಒಂಬತ್ತನೆಯ ಸೀಮೆ!" ಉತ್ತರವಿಲ್ಲ. ಎರಡನೆಯ ಸಲ ಕೂಗಿದಾಗ ಮೇಲ್ವಿಚಾರಕ ಅಡುಗೆಯವನನ್ನು ದುರುಗುಟ್ಟಿಕೊಂಡು ನೋಡಿದ. ಅವನು ಟೊಪ್ಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಕಲ್ಲಿನ ಹಾಗೆ ಕೂತ. ಮೂರನೆಯ ಸಲವೂ ಸಭೆ ಗಪ್‌ಚಿಪ್.

ಚಕ್ರವರ್ತಿಗಳು ನೆಟ್ಟಗಾದರು. "ಸೇನಾಪತಿ, ಸೈನ್ಯ ಹೊರಡಲಿ."

ಕೂಗುವವರಿಗೆ ಹೋದ ಜೀವ ಬಂದಂತಾಯಿತು.

ಸೇನಾಪತಿ ಎದ್ದು ನಿಂತ, ಆದರೆ ಹೊರಡಲಿಲ್ಲ. "ಪ್ರಭು, ಸೈನ್ಯ ಅಂತ ಉಳಿದಿರೋದು ಹನ್ನೊಂದು ಜನ. ಅವರೂ ಇಲ್ಲೇ ಟೊಪ್ಪಿ ಹಾಕ್ಕೊಂಡು ಕೂತಿದ್ದಾರೆ. ಅವರನ್ನ ಕಳಿಸಿದ್ರೆ ನಾಳೆ ಹಾಜರಿಗೆ ಯಾರಿರ್ತಾರೆ?"

ಚಕ್ರವರ್ತಿಗಳು ಗಡ್ಡ ನೀವಿಕೊಂಡರು. "ಹಾಜರಿ ನಿಲ್ಲಬಾರದು. ಆ ಸೀಮೆ ಬಿಟ್ಟುಬಿಡಿ. ಕೂಗುವವರೇ, ಮುಂದಿನದು."

ಮೂವತ್ತು ವರ್ಷ ಪಳಗಿದ ಬಾಯಿ. "ಹತ್ತನೆಯ ಸೀಮೆ!" ಎಂದು ಕೂಗಿಯೇಬಿಟ್ಟಿತು. "ಕ್ಷೇಮ," ಅಂದ ಯಾರೋ ಸಿಪಾಯಿ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. ಅವರು ನಡೆದದ್ದನ್ನೆಲ್ಲ ಹೇಳಿದರು.

"ನೀವೇ ಹತ್ತು ಅಂದ್ರಾ?"

"ಅಂದೆ ಕಣೇ." ದುಃಖ ಒತ್ತರಿಸಿ ಬಂತು. ಮುಖ ಒರೆಸಿಕೊಂಡು ಕೈಚೀಲಕ್ಕೆ ಒಂದು ಜೊತೆ ಬಟ್ಟೆ ತುರುಕಿದರು.

"ನೀವೊಬ್ರೇ ಹೋಗಿ ಏನು ಕಡಿದು ಹಾಕ್ತೀರಿ?"

"ಏನೂ ಇಲ್ಲ. ಯಾರಾದ್ರೂ ಬರ್ತಾರೆ ಅಂತ ಅವಳು ದಾರಿ ನೋಡ್ತಿರ್ತಾಳೆ. ಒಬ್ಬರಾದ್ರೂ ಬರಬೇಕಲ್ಲೇ."

ಆಕೆ ಒಳಗೆ ಹೋಗಿ ಒಲೆ ಆರಿಸಿ ಬಂದಳು. "ನಡೀರಿ," ಅಂದಳು, "ಇಬ್ಬರಾಗ್ತೀವಿ."