ನಲವತ್ತೆರಡನೆಯ ಕಲ್ಲು

ಹೆದ್ದಾರಿಯ ಒಂದು ತುಂಡಿಗೆ ಗಂಡನ ಹೆಸರಿಡುವ ಮಸೂದೆಯ ಪ್ರತಿಯಲ್ಲಿ ‘ಕಿಲೋಮೀಟರ್ ನಲವತ್ತೆರಡರಿಂದ ನಲವತ್ತನಾಲ್ಕರವರೆಗೆ’ ಎಂದು ಓದಿದ್ದೇ ತಡ, ಬಣ್ಣದಕ್ಕ ಎದ್ದು ನಿಂತಳು. ಹೆದ್ದಾರಿಯ ಕಲ್ಲುಗಳಿಗೆ ಬಣ್ಣ ಬಳಿದು ಅಂಕಿ ಬರೆಯುವುದು ಅವಳ ಕೆಲಸ. ಹೆಸರು ಬಿದ್ದದ್ದೂ ಅದರಿಂದಲೇ. ಹೋದ ವರ್ಷ ಬಳಸುದಾರಿ ಸೇರಿ ರಸ್ತೆ ಉದ್ದವಾದಾಗ ಅಷ್ಟೂ ಅಂಕಿಗಳನ್ನು ತಿದ್ದಿದವಳು ಅವಳೇ. ಗಂಡ ಸತ್ತ ತಿರುವಿನ ಕಲ್ಲು ಅದಕ್ಕೆ ಮೊದಲು ನಲವತ್ತೆರಡು, ಈಗ ನಲವತ್ತೇಳು. ಈಗಿನ ನಲವತ್ತೆರಡು ಹೊಳೆಯಾಚೆ, ಸಿಮೆಂಟು ಗೋದಾಮಿನ ಮುಂದೆ. ಮಸೂದೆ ಬರೆದ ಪುಣ್ಯಾತ್ಮರು ಹಳೆಯ ಅಪಘಾತದ ವರದಿಯನ್ನೇ ಇಳಿಸಿಕೊಂಡಿದ್ದರು.

ಗುಡ್ಡ ಕುಸಿದ ದಿನ ರಸ್ತೆ ಕೆಲಸದಲ್ಲಿದ್ದ ಗಂಡ ಕೆಂಪು ಬಾವುಟ ಹಿಡಿದು ಓಡಿ, ತುಂಬಿದ ಬಸ್ಸನ್ನು ನಿಲ್ಲಿಸಿದ್ದ. ಅದರ ಹಿಂದಿದ್ದ ಲಾರಿ ನಿಲ್ಲಲಿಲ್ಲ.

ಅವಳು ವಿಧಾನಸಭೆಯ ಮೊಗಸಾಲೆಯಲ್ಲೇ ಮಸೂದೆ ತಂದ ಶಾಸಕರನ್ನು ಅಡ್ಡಗಟ್ಟಿದಳು. “ಸ್ವಾಮಿ, ಜಾಗ ತಪ್ಪಾಗಿದೆ. ಅವರು ಬಿದ್ದಿದ್ದು ಅಲ್ಲಲ್ಲ.”

“ಈಗ ಹೇಳ್ತೀಯಲ್ಲಮ್ಮ! ಇವತ್ತು ಅಧಿವೇಶನದ ಕೊನೇ ದಿನ. ತಿದ್ದುಪಡಿ ಅಂತ ಬಾಯಿಬಿಟ್ರೆ ಸಾಕು, ಆ ಕಡೆಯವರು ಸಮಿತಿಗೆ ಕಳಿಸಿ ಅಂತಾರೆ. ಅಲ್ಲಿಗೆ ಹೋದದ್ದು ವಾಪಸ್ ಬಂದದ್ದು ನಾನಂತೂ ನೋಡಿಲ್ಲ. ಬೇಕಾ, ಬೇಡ್ವಾ? ಬೇಗ ಹೇಳು.”

ಸದನದ ಗಂಟೆ ಹೊಡೆಯಿತು. ಬೆಂಚಿನಲ್ಲಿದ್ದ ಅತ್ತೆ, ಕಣ್ಣು ಮಂಜಾದವಳು, ಸದ್ದು ಬಂದತ್ತ ತಿರುಗಿದಳು. “ಅವನ ಹೆಸರಿನ ಹಲಗೆ ಆ ತಿರುವಲ್ಲೇ ಹಾಕ್ತಾರಲ್ವೇನೇ? ಬಸ್ಸಲ್ಲಿ ಹೋಗುವಾಗ ನೀನು ಹೇಳು, ನಾನು ಆ ಕಡೆ ಮುಖ ಮಾಡ್ತೀನಿ.”

ಬಣ್ಣದಕ್ಕ ಅತ್ತೆಯ ಸೆರಗು ಸರಿಮಾಡಿದಳು. “ಹೂಂ ಅತ್ತೆ, ಅಲ್ಲೇ,” ಎಂದಳು. ಶಾಸಕರಿಗೆ, “ಆಗ್ಲಿ ಸ್ವಾಮಿ,” ಎಂದಳು.

ಸಭಾಂಗಣದ ಮೇಲಿನ ಗ್ಯಾಲರಿಯಲ್ಲಿ ಕಾವಲುಗಾರ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದ. ಮಸೂದೆ ಓದಿ ಮುಗಿಸುತ್ತಿದ್ದಂತೆ ಎದುರು ಪಕ್ಷದ ಸದಸ್ಯನೊಬ್ಬ ಕಾಗದ ಹಿಡಿದು ಎದ್ದ. ಅವಳು ಕಂಬಿಯ ಮೇಲೆ ಬಾಗಿದಳು.

“ಒಂದು ಸಂದೇಹ. ಈ ನಲವತ್ತೆರಡು...” ಕನ್ನಡಕ ಮೂಗಿಗೇರಿಸಿದ. “ಇರಲಿ. ಹಲಗೆ ಹಸಿರೋ, ನೀಲಿಯೋ?”

ಸಭೆ ನಕ್ಕಿತು. ‘ಹೌದು’ಗಳು ಕೇಳಿಬಂದವು. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಅವಳ ಗಂಡನ ಹೆಸರು ಸಿಮೆಂಟು ಗೋದಾಮಿನ ಪಾಲಾಯಿತು. ಅತ್ತೆ ಅವಳ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಹಲಗೆ ನೆಡುವವರು ಬರುವ ದಿನ ಬೆಳಗ್ಗೆಯೇ ಬಣ್ಣದಕ್ಕ ತಿರುವಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಅವರಿಗೆ ಆದೇಶ ಗೊತ್ತು, ಕಲ್ಲು ಗೊತ್ತು. ಅದರಾಚೆ ಏನೂ ಗೊತ್ತಿಲ್ಲ. ಈ ಕಡೆಯಿಂದ ಬರುವ ಅವರು ಮೊದಲು ಸಿಗುವ ನಲವತ್ತೆರಡರಲ್ಲೇ ಹಲಗೆ ನೆಡುತ್ತಾರೆ. ನಲವತ್ತೇಳರ ಮೇಲೆ ಬಳಿದ ಬಿಳಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಅದರ ಮೇಲೆ ನಾಲ್ಕರ ಅಂಕಿ ಬರೆಯುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದಾಯಿತು.

ಮೇಸ್ತ್ರಿ. ಗಂಡನ ಜೊತೆ ಹದಿನೆಂಟು ವರ್ಷ ದುಡಿದವನು.

“ಅಕ್ಕಾ, ಇದು ಹೋದ ವರ್ಷ ತಾನೆ ಬರೆದಿದ್ದು?”

“ಬಣ್ಣ ಎದ್ದಿತ್ತು.”

ಅವನು ಕಲ್ಲನ್ನು ನೋಡಿದ, ಕುಸಿದ ಗುಡ್ಡವನ್ನು ನೋಡಿದ. ಕುಂಚದ ಬಣ್ಣ ಅವಳ ಮೊಣಕಾಲಿಗೆ ತೊಟ್ಟಿಕ್ಕಿತು. ಅವನು ತನ್ನ ಗಾಡಿಯಿಂದ ಕೆಂಪು ಬಾವುಟ ತೆಗೆದುಕೊಂಡು ತಿರುವಿನಾಚೆ ಹೋಗಿ ನಿಂತ.

ಇಳಿಜಾರಿನಲ್ಲಿ ಬರುತ್ತಿದ್ದ ಲಾರಿ ವೇಗ ತಗ್ಗಿಸಿ ನಿಂತಿತು. ಅವಳು ನಾಲ್ಕರ ಪಕ್ಕ ಎರಡನ್ನು ಬರೆಯತೊಡಗಿದಳು.