ಮನವಿಯಲ್ಲಿ ಇಲ್ಲದ ಮಾತು

ಕೂಡ್ಲಿಗಿಯ ಮುನ್ಸೀಫ್ ಕೋರ್ಟಿನ ನ್ಯಾಯಾಧೀಶೆ ಸುಮಲತಾ ಆ ವಾರವಿಡೀ ಒಂದು ಕಡೆ ಕೂತವಳಲ್ಲ. ಊಟಕ್ಕೆ ಕೂತರೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಏಳುವಳು. ಬಾಗಿಲ ಚಿಲಕ ಹಾಕಿ ಬಂದು ಮತ್ತೆ ಹೋಗಿ ಮುಟ್ಟಿ ನೋಡುವಳು. ಬಳ್ಳಾರಿಯಿಂದ ಜಿಲ್ಲಾ ನ್ಯಾಯಾಧೀಶರ ಲಕೋಟೆ ಬಂದಿತ್ತು. ಗಾಳೆಮ್ಮ ಎಂಬ ವಿಧವೆಯ ಮೇಲೆ ಅವಳ ಮೈದುನ ಹೂಡಿದ್ದ ಜಾಗದ ದಾವೆ ಸುಮಲತಾಳ ಮುಂದಿತ್ತು. ಅದನ್ನು ಬೇರೆ ಕೋರ್ಟಿಗೆ ವರ್ಗಾಯಿಸಬೇಕೆಂದು ಮೈದುನ ಅರ್ಜಿ ಹಾಕಿದ್ದ. ಇಲ್ಲಿನ ನ್ಯಾಯಾಧೀಶೆ ಕೋರ್ಟಿನ ವೇಳೆಯಲ್ಲೇ ಹಿತ್ತಲ ಬಾಗಿಲಿನಿಂದ ಗಾಳೆಮ್ಮನ ಮನೆಗೆ ಹೋಗಿ ಬಂದಿದ್ದಾರೆ ಎಂಬುದು ಅವನ ಆಕ್ಷೇಪ. ಅದಕ್ಕೆ ಜಿಲ್ಲಾ ನ್ಯಾಯಾಧೀಶರು ಅವಳ ವಿವರಣೆ ಕೇಳಿದ್ದರು.

ಹೋಗಿದ್ದು ನಿಜವೇ.

ಆ ಹಳೆಯ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಗಂಡಸರಿಗೂ ಇರಲಿಲ್ಲ, ಅವರಿಗೆ ಕಾಂಪೌಂಡಿನ ಗೋಡೆ ಇತ್ತು. ಅವಳ ಕ್ವಾರ್ಟರ್ಸ್ ಊರಿನ ಆಚೆ ತುದಿಗೆ. ಹಾಗಾಗಿ ಬೆಳಗಿನ ಕಾಫಿಯ ನಂತರ ಸಂಜೆಯವರೆಗೆ ಅವಳು ನೀರು ಮುಟ್ಟುತ್ತಿರಲಿಲ್ಲ. ಕೊನೆಗೆ ಉರಿಮೂತ್ರ ಶುರುವಾಗಿ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಬೈದಿದ್ದರು: "ನೀರು ಕುಡೀರಿ ಮೇಡಂ. ಕುಡಿಯಂಗಿಲ್ಲ ಅಂದ್ರ ನನ್ನ ಹತ್ರ ಬರಬ್ಯಾಡ್ರಿ." ಮರುದಿನ ಕುಡಿದಳು. ಯಾವುದೋ ಚೆಕ್ಕಿನ ಕೇಸಿನ ಸಾಕ್ಷಿ ಮಾತಾಡುತ್ತಿದ್ದ. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಎದ್ದು ಚೇಂಬರಿಗೆ ಹೋದಳು, ಅಲ್ಲಿಂದ ಹಿಂದಿನ ಬಾಗಿಲು, ಅದಕ್ಕೆ ಹೊಂದಿಕೊಂಡಿದ್ದ ಮನೆಯ ಹಿತ್ತಲು. ಬಟ್ಟೆ ಒಗೆಯುತ್ತಿದ್ದ ಮುದುಕಿ ಅವಳ ಮುಖ ನೋಡಿದ್ದೇ, ಏನೂ ಕೇಳದೆ ಬಕೀಟು ತುಂಬಿ ಕಕ್ಕಸಿನ ಕಡೆ ಕೈ ತೋರಿಸಿದ್ದಳು. ಹೊರಗೆ ಬಂದ ಮೇಲೆಯೇ ಸುಮಲತಾಳಿಗೆ ಅವಳು ಗಾಳೆಮ್ಮ ಎಂದು ಗುರುತು ಹತ್ತಿದ್ದು.

ನ್ಯಾಯಾಧೀಶರಾದವರು ಊರಿನಲ್ಲಿ ಯಾರ ಮನೆಗೂ ಹೋಗುವುದಿಲ್ಲ. ಇವತ್ತು ಕುಂಕುಮ ಕೊಟ್ಟವಳು ನಾಳೆ ಕಟಕಟೆಯಲ್ಲಿ ನಿಲ್ಲಬಹುದು. ಈ ನೇಮವನ್ನು ಸುಮಲತಾ ಮಡಿಯಂತೆ ಪಾಲಿಸಿದ್ದಳು. ಈಗ ವಿವರಣೆಯಲ್ಲಿ ಏನು ಬರೆಯುವುದು? 'ತುರ್ತು ವೈಯಕ್ತಿಕ ಕಾರಣ' ಎಂದು ಬರೆದಳು, ಹೊಡೆದುಹಾಕಿದಳು. ಸಾಕ್ಷಿಯೊಬ್ಬ ಹಾಗೆ ಹೇಳಿದ್ದರೆ ತಾನೇ ನಂಬುತ್ತಿರಲಿಲ್ಲ. ಇದ್ದದ್ದನ್ನು ಬರೆದರೆ ಬಳ್ಳಾರಿಯಲ್ಲಿ ಎಷ್ಟು ಗಂಡಸರು ಓದುತ್ತಾರೆ? ಬರೆಯದಿದ್ದರೆ ಪಕ್ಷಪಾತಿ ಎಂಬ ಹೆಸರು ಅವಳ ಹಿಂದೆ ಊರೂರಿಗೆ ಬರುತ್ತದೆ.

ಶನಿವಾರ ಸಂಜೆ ಗುರುಶಾಂತ ಬಂದರು. ಹೊಸಪೇಟೆಯ ಹಿರಿಯ ನ್ಯಾಯಾಧೀಶರು, ನ್ಯಾಯಾಧೀಶರ ಸಂಘದ ಜಿಲ್ಲಾ ಕಾರ್ಯದರ್ಶಿ. ನ್ಯಾಯಾಧೀಶರು ಮುಷ್ಕರ ಹೂಡುವಂತಿಲ್ಲ, ಬೀದಿಗಿಳಿಯುವಂತಿಲ್ಲ. ಸರ್ಕಾರದಿಂದ ಏನು ಬೇಕಿದ್ದರೂ ಸಂಘವೇ ಕೇಳಬೇಕು. ಅಧಿವೇಶನಕ್ಕೆ ಮುಂಚೆ ಶಾಸಕರ ಸಮಿತಿಯೊಂದು ಭಾನುವಾರ ಕೂಡ್ಲಿಗಿಯ ಸರ್ಕಾರಿ ಬಂಗಲೆಗೆ, ಐಬಿಗೆ, ಬರುವುದಿತ್ತು. ಗುರುಶಾಂತ ಮನವಿಯ ಪ್ರತಿ ತೋರಿಸಿದರು. ಪಗಾರ, ನಿವೃತ್ತಿ ವಯಸ್ಸು, ವಾಹನ, ಕಾನೂನು ಪುಸ್ತಕ.

"ಇದರಾಗ ಇನ್ನೊಂದು ಸೇರಿಸ್ರಿ ಸಾರ್," ಎಂದಳು ಸುಮಲತಾ. "ಕೋರ್ಟಿನ್ಯಾಗ ಹೆಂಗಸರಿಗೆ ಶೌಚಾಲಯ."

"ಅದು ಪಿಡಬ್ಲ್ಯುಡಿ ಕೆಲಸಾರೀ ಮೇಡಂ. ಕಾನೂನು ಮಾಡೋರ ಮುಂದ ಕಕ್ಕಸಿನ ಮಾತು ತಗದ್ರ ನಗತಾರ."

"ನಗಲಿ."

"ನಿಮ್ಮ ಮ್ಯಾಲಿನ ಅರ್ಜಿ ಬ್ಯಾರೆ ಐತಿ. ಎಲ್ಲಾ ಕೂಡಿ ಸಂಘದ ಮಾರಿಗೆ ಬರ್ತೈತಿ. ಹೋಗೇ ಇಲ್ಲ ಅಂತ ಬರದು ಕಳಸ್ರಿ. ಆ ಮುದುಕಿ ಹಿತ್ತಲದಾಗ ಯಾರು ನೋಡ್ಯಾರ?"

"ನೋಡಿದ್ದಕ್ಕ ಅರ್ಜಿ ಬಂದೈತಲ್ರಿ."

ಗುರುಶಾಂತ ಚಹಾ ಬೇಡವೆಂದು ಎದ್ದರು. "ನಾಳೆ ಬರ್ರಿ. ಹಡಗಲಿ ಮಲ್ಲಿಗಿ ಹಾರ ತರಿಸೀನಿ, ನೀವು ಹಾಕ್ರಿ. ಮಾತು ನಾ ಆಡ್ತೀನಿ."

ಐಬಿಯ ಹಾಲಿನಲ್ಲಿ ಸುತ್ತಲಿನ ತಾಲೂಕುಗಳ ನ್ಯಾಯಾಧೀಶರೆಲ್ಲ ಕಾಲು ಜೋಡಿಸಿ ಕೂತಿದ್ದರು. ಅವರಲ್ಲಿ ಹೆಂಗಸು ಅವಳೊಬ್ಬಳೇ. ಸುಮಲತಾ ಹಾರ ಹಾಕಿದಳು. ಗುರುಶಾಂತ ಮನವಿ ಓದಿದರು. ಸಮಿತಿಯ ಅಧ್ಯಕ್ಷರು, ವಯಸ್ಸಾದವರು, ಕಣ್ಣು ಮುಚ್ಚಿಕೊಂಡೇ ಕೇಳಿ, "ಮತ್ತೇನಾರ ಐತೇನ್ರಿ?" ಎಂದರು.

"ಇಷ್ಟ ರೀ," ಎಂದರು ಗುರುಶಾಂತ.

"ಇನ್ನೊಂದೈತ್ರಿ," ಸುಮಲತಾ ಎದ್ದುಬಿಟ್ಟಿದ್ದಳು. "ನನ್ನ ಕೋರ್ಟಿನ್ಯಾಗ ಹೆಂಗಸರಿಗೆ ಒಂದಕ್ಕ ಹೋಗಾಕ ಜಾಗ ಇಲ್ರಿ. ತಡಕೊಳ್ಳಾಕ ಆಗಲಾರದ ಹಿಂದಿನ ಮನಿಗೆ ಹೋದೆ. ಆ ಮನಿಯವರ ಕೇಸು ನನ್ನ ಮುಂದ ಐತಿ. ಈಗ ನಾನು ಅವರ ಕಡಿಯಾಕಿ ಅಂತ ಅರ್ಜಿ ಬಿದ್ದೈತಿ."

ಕಿರಿಯ ಶಾಸಕನೊಬ್ಬ ಫಕ್ಕನೆ ನಕ್ಕ. ಮತ್ಯಾರೂ ನಗದಿದ್ದುದನ್ನು ಕಂಡು ಹಾರದ ಎಸಳು ಕೀಳತೊಡಗಿದ. ಅಧ್ಯಕ್ಷರು ಕಣ್ಣು ತೆರೆದರು.

"ಅಲ್ಲಿಗೆ ದಿನಾ ಎಷ್ಟು ಮಂದಿ ಹೆಣ್ಮಕ್ಕಳು ಬರ್ತಾರವ್ವ?"

"ಭಾಳ ಮಂದಿ ಬರ್ತಾರ್ರಿ. ಜೀವನಾಂಶಕ್ಕ, ಸಾಕ್ಷಿಗೆ. ಬೆಳಿಗ್ಗಿಂದ ಸಂಜೀತನ ಕುಂದರ್ತಾರ."

ಹೇಳುವಾಗಲೇ ಅವಳಿಗೆ ಹೊಳೆಯಿತು, ಅವರು ಏನು ಮಾಡುತ್ತಾರೆ ಎಂದು ತಾನು ಒಂದು ದಿನವೂ ಯೋಚಿಸಿರಲಿಲ್ಲ. ಹೆಸರು ಕೂಗಿದಾಗ ಇಲ್ಲದವರಿಗೆ ಗೈರು ಎಂದು ಬರೆಸಿ ಮುಂದಿನ ಕೇಸು ಕರೆಸುತ್ತಿದ್ದಳು. ಅಧ್ಯಕ್ಷರು ಪಕ್ಕದವರಿಗೆ, "ಬರ್ಕೊಳ್ರಿ," ಎಂದು ಎದ್ದರು. ಬರೆದುಕೊಂಡರೋ ಇಲ್ಲವೋ ಅವಳಿಗೆ ಕಾಣಲಿಲ್ಲ.

ಮೆಟ್ಟಿಲ ಮೇಲೆ ಗುರುಶಾಂತ ತಡೆದರು. "ಸಂಘದ ಮರ್ಯಾದಿ ಅಂತ ಒಂದೈತಿ ಮೇಡಂ."

"ಸಂಘದಾಗ ನಾನೂ ಅದೀನಲ್ರಿ ಸಾರ್."

ಅಂದು ಮಧ್ಯಾಹ್ನವೇ ವಿವರಣೆ ಬರೆದಳು. ಅಷ್ಟು ಜನ ಗಂಡಸರ ಮುಂದೆ ಆಡಿದ ಮಾತನ್ನು ಕಾಗದಕ್ಕೆ ಇಳಿಸುವುದು ಕಷ್ಟವಾಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು. ಆರೋಪದಲ್ಲಿ ಹುರುಳಿಲ್ಲ, ಆದರೂ ಕಕ್ಷಿದಾರನ ಸಮಾಧಾನಕ್ಕಾಗಿ ದಾವೆಯನ್ನು ಹರಪನಹಳ್ಳಿ ಕೋರ್ಟಿಗೆ ಕಳಿಸಲಾಗಿದೆ. ಸುಮಲತಾ ಎರಡು ಸಲ ಓದಿದಳು. ಹೆಸರು ಉಳಿದಿತ್ತು, ಹಗುರ ಮಾತ್ರ ಅನ್ನಿಸಲಿಲ್ಲ.

ಮರುದಿನ ಕೋರ್ಟು ಶುರುವಾಗುವ ಮುನ್ನ ಜಗಲಿಯ ಹತ್ತಿರ ಗಾಳೆಮ್ಮ ಎದುರಾದಳು.

"ನಿಮಗ ಚೊಲೋ ಆತಂತಲ್ರಿ ಅಮ್ಮಾರ. ನಾನು ಕೊಟ್ಟೂರು ಮ್ಯಾಲೆ ಹಾದು ಹರಪನಹಳ್ಳಿ ಬಸ್ಸು ಹತ್ತಬೇಕು. ಒಂದು ಬಕೀಟು ನೀರಿಗೆ."

"ನನ್ನಿಂದ ನಿನಗ ತ್ರಾಸಾತು," ಎಂದಳು ಸುಮಲತಾ.

"ಆತು. ಇಲ್ಲ ಅನ್ನಾಕ ಬರಂಗಿಲ್ಲ." ಮುದುಕಿ ಸೆರಗು ಕೊಡವಿದಳು. "ಈಗ ಕೇಸು ನಿಮ್ಮ ಮುಂದ ಇಲ್ಲಲ್ಲ, ನಮ್ಮನಿಗೆ ಬರಾಕೇನು? ಮೈದುನ ಇನ್ನೊಂದು ಕೇಸು ಹಾಕೂತನ ಬರ್ರಿ."

ಮಾವಿನ ಮರದ ಕೆಳಗೆ ಮೈದುನನ ವಕೀಲರು ಪೇಪರು ಓದುತ್ತ ಕೂತಿದ್ದರು. ಜಗಲಿಯ ತುದಿಯಲ್ಲಿ ಕೂಸಿನೊಡನೆ ಕೂತಿದ್ದ ಬಾಣಂತಿಯೊಬ್ಬಳು ಕಾಂಪೌಂಡಿನ ಗೋಡೆಯತ್ತ ನೋಡುವುದು, ಮತ್ತೆ ತಲೆ ತಗ್ಗಿಸುವುದು ಮಾಡುತ್ತಿದ್ದಳು. ಸುಮಲತಾ ಅವಳ ಹತ್ತಿರ ಹೋಗಿ, "ಏಳವ್ವ, ನನ್ನ ಕೂಡ ಬಾ," ಎಂದಳು. ಮೂವರೂ ವಕೀಲರ ಎದುರಿಗೇ ಹಾದು, ಬೀದಿ ಬಾಗಿಲಿನಿಂದ ಗಾಳೆಮ್ಮನ ಮನೆ ಹೊಕ್ಕರು.