ಹೆಂಡತಿಗೆ ಹೇಳಬೇಡ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಎಂದಿನಂತೆ ಇಬ್ಬರಿಗಾಗುವಷ್ಟು ಬ್ರೆಡ್ ತಂದೆ. ಅತ್ತೆ ಆಗಲೇ ಎದ್ದು ರೋಮುಲೋನ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದರು. ಸತ್ತವರ ಬಟ್ಟೆಯನ್ನು ಹೊಳೆಯಲ್ಲಿ ಒಗೆದು ಸುಡಬೇಕು. ಈ ಎಲ್ ಆಲ್ತೋ ಊರಿನಲ್ಲಿ ನಮ್ಮವರೆಲ್ಲ ಹಾಗೇ ಮಾಡುವುದು.

ಬೀರುವಿನ ತಳದಿಂದ ಅವರು ಒಂದು ಹಳೆಯ ಗಣಿ ಹೆಲ್ಮೆಟ್ ಹೊರತೆಗೆದರು. ಗಟ್ಟಿ ಚರ್ಮದ್ದು. ಹೆಂಗಸರು ಹೊದೆಯುವ ಬಣ್ಣದ ಬಟ್ಟೆಯಲ್ಲಿ ಸುತ್ತಿಟ್ಟಿತ್ತು.

"ಇದ್ಯಾರದ್ದೇ?"

"ಗೊತ್ತಿಲ್ಲ ಅತ್ತೆ."

"ನಮ್ಮಲ್ಲಿ ಗಣಿಗೆ ಇಳಿದವರು ಯಾರೂ ಇಲ್ಲ. ಈ ಬಟ್ಟೆ ಯಾವಳದೋ! ಗಂಡನ ಬೀರೂಲಿ ಏನಿದೆ ಅಂತಾನೂ ಗೊತ್ತಿಲ್ಲ, ಓದಿದವಳಂತೆ."

ಅವೆರಡನ್ನು ಸುಡಲು ನಾನು ಬಿಡಲಿಲ್ಲ. ಉಳಿದದ್ದೆಲ್ಲ ಸುಟ್ಟೆವು, ದಿಂಬಿನ ಚೀಲ ಕೂಡ. ಕೂದಲು ಉದುರದಿರಲೆಂದು ರೋಮುಲೋ ರೋಸ್ಮರಿ ಸೊಪ್ಪು ಕುದಿಸಿದ ನೀರಲ್ಲಿ ತಲೆ ತೊಳೆಯುತ್ತಿದ್ದ. ಆ ವಾಸನೆ ಮನೆಯಲ್ಲಿ ಎಲ್ಲೂ ಉಳಿಯಲಿಲ್ಲ.

ಸತ್ತ ಭಾನುವಾರ ಅವನು ದಾಖಲೆ ಭಂಡಾರದಲ್ಲಿ ಕೆಲಸವಿದೆ ಎಂದು ಹೇಳಿ ಹೋಗಿದ್ದ. ಅವನಿದ್ದ ಮಿನಿಬಸ್ಸು ಉರುಳಿದ್ದು ದೂರದ ಒರೂರೋ ರಸ್ತೆಯಲ್ಲಿ. ಅಲ್ಲಿಗೇಕೆ ಹೋಗಿದ್ದ ಎಂದು ಯಾರೂ ಕೇಳಲಿಲ್ಲ. ಕೇಳದೆ ನನ್ನ ಮುಖ ನೋಡುತ್ತಿದ್ದರು.

ನಾನೇ ಭಂಡಾರಕ್ಕೆ ಹೋದೆ. ಗಣಿ ಕಾರ್ಮಿಕರ ಹಳೆಯ ಕಾಗದಗಳೆಲ್ಲ ಅಲ್ಲಿವೆ. ಶಾಲೆಯ ಮಕ್ಕಳು ಬಂದು ಆಕಳಿಸಿ ಹೋಗುತ್ತಾರೆಂದು ರೋಮುಲೋ ಅಲ್ಲೊಂದು ಕತ್ತಲ ಕೋಣೆ ಮಾಡುತ್ತಿದ್ದ. ಮಕ್ಕಳು ದೀಪದ ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋಗಬೇಕು. ಗೋಡೆಯಲ್ಲಿರುವ ಯಾವ ಕಾರ್ಮಿಕನ ಗುರುತಿನ ಚೀಟಿಯ ಮೇಲೆ ಬೆಳಕು ನಿಲ್ಲುತ್ತದೋ ರೋಮುಲೋ ಧ್ವನಿಮುದ್ರಿಸಿದ ಅವನ ಮನೆಯವರ ದನಿ ಕೇಳಿಸುತ್ತದೆ. ತಲೆ ಅಲುಗಿದರೆ ದನಿ ನಿಲ್ಲುತ್ತದೆ.

"ಹಳೇ ಹೆಲ್ಮೆಟ್ಟಾ? ನಮ್ಮದಲ್ಲಮ್ಮ, ನಾವು ಕೊಟ್ಟಿದ್ದೆಲ್ಲ ಪ್ಲಾಸ್ಟಿಕ್ಕು," ಎಂದರು ಭಂಡಾರದ ಮುಖ್ಯಸ್ಥೆ ಇವೋನ್ನೆ. "ಭಾನುವಾರ ಇಲ್ಲಿ ಬೀಗ ಅಲ್ವಾ? ನಿಮ್ಹತ್ರ ಏನಂತ ಹೇಳಿ ಹೋಗ್ತಿದ್ರು?"

ನಾನು ಕತ್ತಲ ಕೋಣೆಯ ಕಡೆ ತಿರುಗಿದೆ. "ಪಾಪ," ಎಂದರು.

ಪ್ಲಾಸ್ಟಿಕ್ ಹೆಲ್ಮೆಟ್ ಹಾಕಿಕೊಂಡು ಒಬ್ಬಳೇ ಕೋಣೆಯೊಳಗೆ ಹೋದೆ. ಒಂದರ ನಂತರ ಒಂದು ಚೀಟಿಗೆ ಬೆಳಕು ಹಿಡಿದೆ. ಕಾಸಿಮಿರೋ ವಾಲ್ಪಾ ಎಂಬುವನ ಚೀಟಿಯಲ್ಲಿ ಒಬ್ಬ ಹೆಂಗಸಿನ ಒಡಕು ದನಿ ಬಂತು. "ನಮ್ಮವರು ರಾತ್ರಿ ಪಾಳಿಗೆ ಹೋದ್ರು. ಊಟ ಮುಚ್ಚಿಟ್ಟಿದ್ದೆ." ಆಮೇಲೆ ರೋಮುಲೋ ಕತ್ತರಿಸಲು ಮರೆತ ತುಣುಕು. "ತಗೊಂಡು ಹೋಗು. ಹೆಂಡ್ತಿಗೆ ಮಾತ್ರ ಹೇಳ್ಬೇಡ. ಭಾನುವಾರ ಬಾ." ಅದರಲ್ಲಿ ರೋಮುಲೋ ನಕ್ಕ.

ನನ್ನ ತಲೆ ಅಲುಗಿತು. ದನಿ ನಿಂತಿತು. ಮತ್ತೆ ಮತ್ತೆ ಬೆಳಕು ಹಿಡಿದೆ. ಆ ದನಿಗೆ ಎಷ್ಟು ವಯಸ್ಸೆಂದು ತಿಳಿಯಲಿಲ್ಲ. ಚೀಟಿಯಲ್ಲಿ ಒರೂರೋ ಕಡೆಯ ಒಂದು ಗಣಿಯೂರಿನ ಹೆಸರಿತ್ತು.

ಅವಳನ್ನು ಕಣ್ಣಾರೆ ನೋಡಬೇಕಿತ್ತು. ಮುಂದಿನ ಭಾನುವಾರ ಅದೇ ರಸ್ತೆಯಲ್ಲಿ ಹೊರಟೆ. ಆ ಬಣ್ಣದ ಬಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅದರಲ್ಲಿ ಬ್ರೆಡ್ ಕಟ್ಟಿಕೊಂಡೆ. ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದೆ.

ಗಣಿಯೂರಲ್ಲಿ ವಾಲ್ಪಾನ ಮನೆ ಕೇಳಿಕೊಂಡು ಹೋಗಿ ತಟ್ಟಿದೆ. ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ಹಲ್ಲಿಲ್ಲದ ಮುದುಕಿ. ದನಿ ಅದೇ.

"ಭಂಡಾರದೋರಾ? ಫೋಟೋ ಒಯ್ದ್ರಿ, ಗಣಿ ಟೋಪಿ ಒಯ್ದ್ರಿ. ಇನ್ನು ನನ್ನೂ ಒಯ್ತೀರಾ?"

"ನಾನು ರೋಮುಲೋನ ಹೆಂಡತಿ."

"ಎಲ್ಲಿ ಆ ಕಳ್ಳ? ಬರ್ತೀನಿ ಅಂದಿದ್ದ. ಸೂಪು ಮಾಡಿ ಕಾದೆ."

ಅವನು ಸತ್ತದ್ದನ್ನು ಹೇಳಿದೆ. ಮುದುಕಿ ಬಾಗಿಲು ಪೂರ್ತಿ ತೆರೆದಳು. ಒಳಗೆ ಬೇರೆ ಹೆಂಗಸಿನ ಗುರುತಿದೆಯೇ ಎಂದು ಹುಡುಕಿದೆ. ಒಂದೇ ಮಂಚ, ಒಂದೇ ತಟ್ಟೆ.

"ನಂಗೆ ಹೇಳ್ಬೇಡ ಅಂದಿದ್ದು ಯಾಕೆ ಅಜ್ಜಿ?"

"ಗಣೀಲಿ ಸತ್ತವನ ಟೋಪಿ ಮನೇಲಿದೆ ಅಂದ್ರೆ ನಿಂಗೆ ನಿದ್ದೆ ಬರ್ತಿತ್ತಾ ಮಗಳೇ? ಹೊಸ ಪ್ಲಾಸ್ಟಿಕ್ ಟೋಪಿ ಹಗುರ, ಮಕ್ಕಳ ಕತ್ತು ಒಂಚೂರು ನೋಯ್ಬೇಕು, ಎಷ್ಟು ತೂಕ ಇಡ್ಬೇಕು ಅಂತ ಇದನ್ನ ಹಾಕ್ಕೊಂಡು ನೋಡ್ತೀನಿ ಅಂದ."

ಅವನು ಹಾಗೆ ಹೇಳುವವನೇ. ಆದರೂ ಅಜ್ಜಿಯ ಮುಖವನ್ನು ಇನ್ನೊಮ್ಮೆ ನೋಡಿದೆ.

ಅಜ್ಜಿ ಹೆಲ್ಮೆಟ್ ತೆಗೆದುಕೊಂಡು ಒಳಗೆ ಮೂಗಿಟ್ಟಳು. ಮುಖ ಗಂಟಾಯಿತು.

"ಇದು ನಮ್ಮವರ ವಾಸನೆ ಅಲ್ಲ. ಬದಲಾಯಿಸಿಬಿಟ್ರಾ?"

ನಾನು ಅದನ್ನು ಇಸಕೊಂಡು ಮೂಸಿದೆ. ಒಳಗಿನ ಪಟ್ಟಿಯಲ್ಲಿ ರೋಸ್ಮರಿ.

ಬಹಳ ಹೊತ್ತು ಮುಖ ತೆಗೆಯಲಿಲ್ಲ. ಅಂಚಿನಲ್ಲಿ ಯಾರೋ ಚಾಕುವಿನಿಂದ ಕೊರೆದ ಎರಡು ಅಕ್ಷರ ಬೆರಳಿಗೆ ತಾಗಿದವು. ಅಜ್ಜಿಯ ಹೆಬ್ಬೆರಳನ್ನು ಹಿಡಿದು ಅವುಗಳ ಮೇಲಿಟ್ಟೆ. ಕಾಸಿಮಿರೋ ವಾಲ್ಪಾನ ಹೆಸರಿನ ಮೊದಲಕ್ಷರಗಳು.

"ಇದೇ," ಎಂದಳು. ಎರಡೂ ಕೈ ಚಾಚಿದಳು.

ಕೊಟ್ಟೆ.